ಯುಎಸ್‌ಬಿ ಹಬ್: ಪೋರ್ಟ್ ಹೆಚ್ಚುತ್ತದೆ, ವಿದ್ಯುತ್ ಹೆಚ್ಚುವುದಿಲ್ಲ

ಕಂಪ್ಯೂಟರ್ ಇಲ್ಲದ ಚರ್ಚ್ ಕಚೇರಿ ಇಂದು ಅಪರೂಪ. ಪ್ರಮಾಣಪತ್ರ ಸಿದ್ಧಪಡಿಸುವುದು, ವಂತಿಗೆಯ ಲೆಕ್ಕ ಇಡುವುದು, ಭಾನುವಾರದ ಪ್ರಕಟಣೆ ಮುದ್ರಿಸುವುದು, ಸಂಘಟನೆಗಳ ವರದಿ ಕಳುಹಿಸುವುದು, ಹೀಗೆ ಎಲ್ಲ ಕೆಲಸಕ್ಕೂ ಅದೇ ಆಧಾರ. 2020ರ ಲಾಕ್‌ಡೌನ್ ಬಳಿಕ ಬಲಿಪೂಜೆಯ ನೇರ ಪ್ರಸಾರವೂ ಹಲವೆಡೆ ಇದಕ್ಕೆ ಸೇರಿಕೊಂಡಿದೆ. ಕೆಲಸ ಹೆಚ್ಚಿದಂತೆ ಕಂಪ್ಯೂಟರಿಗೆ ಸಿಕ್ಕಿಸಬೇಕಾದ ಸಾಧನಗಳೂ ಹೆಚ್ಚಿವೆ. ಕೀಬೋರ್ಡ್, ಮೌಸ್, ಪ್ರಿಂಟರ್, ಸ್ಕ್ಯಾನರ್, ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ವೆಬ್ ಕ್ಯಾಮರಾ, ಡಿಜಿಟಲ್ ಸಹಿಯ ಟೋಕನ್, ಮೊಬೈಲ್ ಕೇಬಲ್ ಎಂದು ಲೆಕ್ಕ ಹಾಕಿದರೆ ಒಂಬತ್ತಾಯಿತು. ಆದರೆ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಹೆಚ್ಚೆಂದರೆ ಎರಡೋ ಮೂರೋ ಯುಎಸ್‌ಬಿ ಪೋರ್ಟ್.

ಆಗ ಅಂಗಡಿಯವರು ಸೂಚಿಸುವ ಪರಿಹಾರವೇ ಯುಎಸ್‌ಬಿ ಹಬ್. ಒಂದು ಪೋರ್ಟಿಗೆ ಸಿಕ್ಕಿಸಿದರೆ ನಾಲ್ಕು, ಏಳು ಅಥವಾ ಹತ್ತು ಪೋರ್ಟ್ ಕೊಡುವ ಚಿಕ್ಕ ಪೆಟ್ಟಿಗೆ ಇದು. ಬೆಲೆ ಹೆಚ್ಚಲ್ಲ, ಬಳಸುವುದೂ ಸುಲಭ. ಆದರೆ ಇದರ ಗುಣ ಮತ್ತು ಮಿತಿ ತಿಳಿಯದೆ ಎಲ್ಲವನ್ನೂ ಇದಕ್ಕೇ ಸಿಕ್ಕಿಸಿದರೆ ಬೆಲೆಬಾಳುವ ಮಾಹಿತಿ ಹಾಳಾಗುವ ಸಾಧ್ಯತೆ ಇದೆ. ಆದ್ದರಿಂದ ಈ ವಿಷಯದಲ್ಲಿ ಓದುಗರಿಗೆ ಉಪಯುಕ್ತವಾಗುವ ಕೆಲವು ಮಾಹಿತಿಗಳನ್ನು ನಾವು ಇಲ್ಲಿ ನೀಡುತ್ತಿದ್ದೇವೆ.

ಯುಎಸ್‌ಬಿ ಬಂದದ್ದು ಹೇಗೆ?

ಹಿಂದಿನ ಕಂಪ್ಯೂಟರುಗಳ ಹಿಂಬದಿ ನೋಡಿದವರಿಗೆ ನೆನಪಿರಬಹುದು. ಪ್ರಿಂಟರಿಗೆ ಅಗಲವಾದ ಪ್ಯಾರಲಲ್ ಪೋರ್ಟ್, ಮೋಡೆಮ್‌ಗೆ ಸೀರಿಯಲ್ ಪೋರ್ಟ್, ಕೀಬೋರ್ಡ್ ಮತ್ತು ಮೌಸ್‌ಗೆ ದುಂಡನೆಯ ಪೋರ್ಟ್, ಹೀಗೆ ಒಂದೊಂದು ಸಾಧನಕ್ಕೆ ಒಂದೊಂದು ಆಕಾರ. ಹೊಸ ಸಾಧನ ಜೋಡಿಸಿದರೆ ಕಂಪ್ಯೂಟರ್ ಮತ್ತೆ ಚಾಲೂ ಮಾಡಬೇಕಿತ್ತು. ಈ ಗೊಂದಲ ನಿವಾರಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್ ಮುಂತಾದ ಏಳು ಕಂಪೆನಿಗಳು ಸೇರಿ ಎಲ್ಲಕ್ಕೂ ಹೊಂದುವ ಒಂದೇ ಜೋಡಣೆಯನ್ನು ರೂಪಿಸಿದವು. ಅದರ ಮೊದಲ ಆವೃತ್ತಿ 1996ರಲ್ಲಿ ಪ್ರಕಟವಾಯಿತು. ಇಂಟೆಲ್‌ನಲ್ಲಿ ಈ ಕೆಲಸದ ಮುಂದಾಳತ್ವ ವಹಿಸಿದ ಅಜಯ್ ಭಟ್ ಅವರು ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲಿತ ಭಾರತ ಮೂಲದವರು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ಬಳಿಕ 2000ದಲ್ಲಿ ಯುಎಸ್‌ಬಿ 2.0, 2008ರಲ್ಲಿ ಯುಎಸ್‌ಬಿ 3.0 ಬಂದವು. 2014ರಲ್ಲಿ ಹೇಗೆ ತಿರುಗಿಸಿ ಸಿಕ್ಕಿಸಿದರೂ ಹೊಂದುವ ಚಿಕ್ಕ ಟೈಪ್-ಸಿ ಜೋಡಣೆ ಬಂತು. ಇವೆಲ್ಲ ಇಂದು ಒಟ್ಟಿಗೇ ಬಳಕೆಯಲ್ಲಿರುವುದರಿಂದ ಹಬ್ ಕೊಳ್ಳುವವರಿಗೆ ಗೊಂದಲವಾಗುವುದು ಸಹಜ.

ಹಬ್ ಕೆಲಸ ಮಾಡುವ ರೀತಿ

ಮನೆಯ ಮಾಳಿಗೆಯ ನೀರಿನ ಟ್ಯಾಂಕಿಯನ್ನು ನೆನಪಿಸಿಕೊಳ್ಳಿ. ಟ್ಯಾಂಕಿಯಿಂದ ಇಳಿಯುವ ಪೈಪು ಒಂದೇ. ಅದಕ್ಕೆ ನಾಲ್ಕು ನಳ್ಳಿ ಇಟ್ಟರೆ ನಾಲ್ಕು ಕಡೆ ನೀರು ಸಿಗುತ್ತದೆ ನಿಜ, ಆದರೆ ನಾಲ್ಕನ್ನೂ ಒಟ್ಟಿಗೆ ತೆರೆದರೆ ಪ್ರತಿಯೊಂದರಲ್ಲೂ ನೀರು ಸಣ್ಣಗಾಗುತ್ತದೆ. ಹಬ್ ಕೂಡ ಹೀಗೆಯೇ. ಕಂಪ್ಯೂಟರಿನಿಂದ ಹಬ್ಬಿಗೆ ಬರುವ ಕೇಬಲ್ ಒಂದೇ. ಮಾಹಿತಿಯೂ ವಿದ್ಯುತ್ತೂ ಅದೇ ದಾರಿಯಲ್ಲಿ ಬಂದು ಎಲ್ಲ ಸಾಧನಗಳಿಗೆ ಹಂಚಿಕೆಯಾಗಬೇಕು. ಹಬ್ ಪೋರ್ಟುಗಳ ಸಂಖ್ಯೆಯನ್ನು ಮಾತ್ರ ಹೆಚ್ಚಿಸುತ್ತದೆ. ಹಿಂದಿರುವ ಪೈಪು ಅದರಿಂದ ದಪ್ಪವಾಗುವುದಿಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಿಯಮದ ಪ್ರಕಾರ ಕಂಪ್ಯೂಟರಿನ ಒಂದು ಯುಎಸ್‌ಬಿ ನಿಯಂತ್ರಕಕ್ಕೆ 127 ಸಾಧನಗಳವರೆಗೆ ಜೋಡಿಸಬಹುದು. ಈ ಲೆಕ್ಕದಲ್ಲಿ ಹಬ್ಬುಗಳೂ ಸೇರುತ್ತವೆ. ಒಂದು ಹಬ್ಬಿಗೆ ಇನ್ನೊಂದು ಹಬ್ ಸಿಕ್ಕಿಸುತ್ತಾ ಹೋದರೆ ಸಾಲಾಗಿ ಐದರವರೆಗೆ ಅವಕಾಶವಿದೆ. ಆದರೆ ಅವಕಾಶವಿದೆ ಎಂದ ಮಾತ್ರಕ್ಕೆ ಹಾಗೆ ಮಾಡುವುದು ಒಳ್ಳೆಯದಲ್ಲ. ಸರಪಳಿ ಉದ್ದವಾದಷ್ಟೂ ತೊಂದರೆ ಎಲ್ಲಿದೆ ಎಂದು ಹುಡುಕುವುದು ಕಷ್ಟ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಒಂದು ಪ್ರಿಂಟರನ್ನು ಎರಡು ಕಂಪ್ಯೂಟರುಗಳಿಗೆ ಹಂಚಲು ಹಬ್ ಸಹಾಯಕ್ಕೆ ಬರುವುದಿಲ್ಲ. ಹಬ್ ಎಂದರೆ ಒಂದು ಕಂಪ್ಯೂಟರಿಗೆ ಹಲವು ಸಾಧನಗಳು. ಹಲವು ಕಂಪ್ಯೂಟರುಗಳಿಗೆ ಒಂದು ಸಾಧನ ಬೇಕಾದರೆ ಯುಎಸ್‌ಬಿ ಶೇರಿಂಗ್ ಸ್ವಿಚ್ ಅಥವಾ ವೈಫೈ ಇರುವ ಪ್ರಿಂಟರ್ ಬೇಕು.

ವಿದ್ಯುತ್ತಿನ ಲೆಕ್ಕ

ಹಬ್ಬುಗಳಲ್ಲಿ ಎರಡು ವಿಧ. ಮೊದಲನೆಯದು ತನ್ನದೇ ಅಡಾಪ್ಟರ್ ಇಲ್ಲದ, ಕಂಪ್ಯೂಟರಿನಿಂದಲೇ ವಿದ್ಯುತ್ ಪಡೆಯುವ ಹಬ್. ಎರಡನೆಯದು ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರ್ ಇರುವ ಹಬ್.

ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ವಿದ್ಯುತ್ ಕೊಡಬೇಕೆಂಬುದು ನಿಯಮ. ಯುಎಸ್‌ಬಿ 3.0 ಪೋರ್ಟ್ 900 ಮಿಲಿ ಆಂಪಿಯರ್, ಅಂದರೆ ನಾಲ್ಕೂವರೆ ವ್ಯಾಟ್ ಕೊಡುತ್ತದೆ. ಅಡಾಪ್ಟರ್ ಇಲ್ಲದ 2.0 ಹಬ್ ಈ 500ರಲ್ಲಿ 100 ಮಿಲಿ ಆಂಪಿಯರನ್ನು ತನ್ನ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ. ಉಳಿದ 400ನ್ನು ನಾಲ್ಕು ಪೋರ್ಟುಗಳಿಗೆ ಹಂಚಿದರೆ ಒಂದೊಂದಕ್ಕೆ 100 ಮಾತ್ರ.

ಕೀಬೋರ್ಡ್, ಮೌಸ್ ಇಷ್ಟರಲ್ಲಿ ಸುಲಭವಾಗಿ ನಡೆಯುತ್ತವೆ. ಆದರೆ ಜೇಬಿನಲ್ಲಿ ಇಟ್ಟುಕೊಳ್ಳುವಂತಹ ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ತಟ್ಟೆ ಇರುತ್ತದೆ. ಅದು ತಿರುಗಲು ಆರಂಭಿಸುವ ಕ್ಷಣದಲ್ಲಿ 500 ಮಿಲಿ ಆಂಪಿಯರಿಗಿಂತಲೂ ಹೆಚ್ಚು ಕೇಳುವುದುಂಟು. ನೂರು ಸಿಗುವಲ್ಲಿ ಐನೂರು ಕೇಳಿದರೆ ಏನಾಗಬಹುದು? ಡಿಸ್ಕ್ ಚಾಲೂ ಆಗದೆ ಟಿಕ್ ಟಿಕ್ ಶಬ್ದ ಮಾಡಬಹುದು. ಅಗ್ಗದ ಹಬ್ಬುಗಳು ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸದ ಕಾರಣ ಡಿಸ್ಕ್ ಚಾಲೂ ಆಗಿ, ಸ್ವಲ್ಪ ಹೊತ್ತು ಸರಿಯಾಗಿಯೇ ನಡೆದು, ಇನ್ನೊಂದು ಸಾಧನ ವಿದ್ಯುತ್ ಎಳೆದಾಗ ನಡುವಿನಲ್ಲಿ ಕೈಕೊಡಲೂಬಹುದು. ಮೊದಲನೆಯದಕ್ಕಿಂತ ಈ ಎರಡನೆಯದೇ ಹೆಚ್ಚು ಅಪಾಯಕಾರಿ.

ಅಡಾಪ್ಟರ್ ಇರುವ ಹಬ್ಬಿನಲ್ಲಿ ಪ್ರತಿ ಪೋರ್ಟಿಗೂ ಪೂರ್ಣ ವಿದ್ಯುತ್ ಸಿಗಬೇಕು. ಆದರೆ ಅಡಾಪ್ಟರಿನ ಮೇಲೆ ಬರೆದ ಸಂಖ್ಯೆಯನ್ನು ಒಮ್ಮೆ ಓದಿ ನೋಡಿ. 2.0 ಹಬ್ಬಿನ ನಾಲ್ಕು ಪೋರ್ಟಿಗೆ ತಲಾ 500ರಂತೆ 2 ಆಂಪಿಯರ್ ಬೇಕು. ಏಳು ಪೋರ್ಟಿಗೆ ಮೂರೂವರೆ ಆಂಪಿಯರ್ ಬೇಕು. 3.0 ಹಬ್ಬಾದರೆ ನಾಲ್ಕು ಪೋರ್ಟಿಗೇ ತಲಾ 900ರಂತೆ 3.6 ಆಂಪಿಯರ್ ಆಗುತ್ತದೆ. ಏಳು ಪೋರ್ಟಿನ ಹಬ್ಬಿಗೆ 5 ವೋಲ್ಟ್, 2 ಆಂಪಿಯರಿನ ಅಡಾಪ್ಟರ್ ಕೊಟ್ಟಿದ್ದರೆ ಏಳು ಪೋರ್ಟಿಗೂ ಪೂರ್ಣ ವಿದ್ಯುತ್ ಸಿಗದು ಎಂದು ತಿಳಿಯಬೇಕು. ಕೆಲವು ಅಡಾಪ್ಟರುಗಳಲ್ಲಿ 12 ವೋಲ್ಟ್, 2 ಆಂಪಿಯರ್ ಎಂದಿರುತ್ತದೆ. ಎರಡನ್ನು ಗುಣಿಸಿದರೆ 24 ವ್ಯಾಟ್. ಒಂದು 3.0 ಪೋರ್ಟಿಗೆ ನಾಲ್ಕೂವರೆ ವ್ಯಾಟಿನಂತೆ ಲೆಕ್ಕ ಹಾಕಿದರೆ ಎಷ್ಟು ಪೋರ್ಟಿಗೆ ಸಾಕು ಎಂಬುದು ಗೊತ್ತಾಗುತ್ತದೆ.

ವೇಗದ ಲೆಕ್ಕ

ವಿದ್ಯುತ್ತಿನಂತೆ ವೇಗವೂ ಹಂಚಿಹೋಗುತ್ತದೆ. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆದ್ದರಿಂದ ಇದು 60 ಎಂಬಿಗೆ ಸಮ. ವಾಸ್ತವದಲ್ಲಿ ಸಿಗುವುದು 30ರಿಂದ 40 ಎಂಬಿ ಅಷ್ಟೆ. 35 ಎಂಬಿ ಎಂದು ಇಟ್ಟುಕೊಂಡರೂ 100 ಜಿಬಿ ಫೋಟೋ, ವಿಡಿಯೋ ನಕಲು ಮಾಡಲು ಸುಮಾರು 48 ನಿಮಿಷ ಬೇಕು. ಯುಎಸ್‌ಬಿ 3.0ರ ವೇಗ ಸೆಕೆಂಡಿಗೆ 5 ಗಿಗಾಬಿಟ್. ಇಲ್ಲಿ ಡಿಸ್ಕಿನ ಸ್ವಂತ ವೇಗವೇ ಮಿತಿಯಾಗುತ್ತದೆ. ಸೆಕೆಂಡಿಗೆ 100 ಎಂಬಿ ಬರೆಯುವ ಸಾಮಾನ್ಯ ಹಾರ್ಡ್ ಡಿಸ್ಕ್ ಅದೇ ಕೆಲಸವನ್ನು ಸುಮಾರು 17 ನಿಮಿಷದಲ್ಲಿ ಮುಗಿಸುತ್ತದೆ.

3.0 ಡಿಸ್ಕನ್ನು 2.0 ಹಬ್ಬಿಗೆ ಸಿಕ್ಕಿಸಿದರೆ ಸಿಗುವುದು 2.0 ವೇಗವೇ. ಹಬ್, ಕೇಬಲ್, ಕಂಪ್ಯೂಟರಿನ ಪೋರ್ಟ್, ಈ ಮೂರರಲ್ಲಿ ಯಾವುದು ಹಳೆಯದೋ ಅದರ ವೇಗವೇ ಎಲ್ಲದರ ವೇಗ. ಸಾಮಾನ್ಯವಾಗಿ 3.0 ಪೋರ್ಟಿನ ಒಳಗಿನ ಪ್ಲಾಸ್ಟಿಕ್ ನೀಲಿ ಬಣ್ಣದ್ದಾಗಿರುತ್ತದೆ, 2.0ರದ್ದು ಕಪ್ಪು ಅಥವಾ ಬಿಳಿ. ಹಬ್ಬಿನ ಕೇಬಲನ್ನು ಕಂಪ್ಯೂಟರಿನ ನೀಲಿ ಪೋರ್ಟಿಗೆ ಸಿಕ್ಕಿಸುವುದನ್ನು ಮರೆಯಬಾರದು.

ಯಾವುದನ್ನು ಎಲ್ಲಿ ಸಿಕ್ಕಿಸಬೇಕು?

ಹಬ್ಬಿಗೆ ಧಾರಾಳವಾಗಿ ಸಿಕ್ಕಿಸಬಹುದಾದವು: ಕೀಬೋರ್ಡ್, ಮೌಸ್, ಡಿಜಿಟಲ್ ಸಹಿಯ ಟೋಕನ್, ಪೆನ್ ಡ್ರೈವ್, ಮೆಮೊರಿ ಕಾರ್ಡ್ ರೀಡರ್ ಮತ್ತು ಪ್ರಿಂಟರ್. ಪ್ರಿಂಟರಿಗೆ ಗೋಡೆಯಿಂದಲೇ ವಿದ್ಯುತ್ ಬರುವುದರಿಂದ ಅದು ಹಬ್ಬಿಗೆ ಹೊರೆಯಲ್ಲ.

ಅಡಾಪ್ಟರ್ ಇರುವ ಹಬ್ಬಿಗೆ ಮಾತ್ರ ಸಿಕ್ಕಿಸಬೇಕಾದವು: ಪ್ರತ್ಯೇಕ ವಿದ್ಯುತ್ ವಯರ್ ಇಲ್ಲದ ತೆಳು ಸ್ಕ್ಯಾನರ್, ಮೊಬೈಲ್ ಚಾರ್ಜಿಂಗ್ ಕೇಬಲ್, ಚಿಕ್ಕ ಫ್ಯಾನ್ ಅಥವಾ ದೀಪ.

ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಬೇಕಾದವು: ಹೊರಗಿನ ಹಾರ್ಡ್ ಡಿಸ್ಕ್, ನೇರ ಪ್ರಸಾರದ ಕ್ಯಾಮರಾ, ಧ್ವನಿಯ ಮಿಕ್ಸರ್ ಅಥವಾ ಮೈಕ್. ಕ್ಯಾಮರಾ ಮತ್ತು ಮೈಕ್ ಸಾಲಿನಲ್ಲಿ ಕಾಯುವಂತಿಲ್ಲ. ಅವು ತಮ್ಮ ಪಾಲಿನ ದಾರಿಯನ್ನು ಮೊದಲೇ ಕಾದಿರಿಸಿಕೊಳ್ಳುತ್ತವೆ. ಒಂದೇ 2.0 ಹಬ್ಬಿಗೆ ಎರಡು ಕ್ಯಾಮರಾ ಸಿಕ್ಕಿಸಿದರೆ ಎರಡನೆಯದು ಚಿತ್ರ ಕೊಡದೇ ಇರಬಹುದು. ಹಬ್ಬದ ದಿನ ಪ್ರಸಾರ ಆರಂಭವಾಗುವ ಹೊತ್ತಿಗೆ ಇದು ತಿಳಿದರೆ ಪ್ರಯೋಜನವಿಲ್ಲ, ಹಿಂದಿನ ದಿನವೇ ಎಲ್ಲವನ್ನೂ ಜೋಡಿಸಿ ಪರೀಕ್ಷಿಸಿಕೊಳ್ಳಬೇಕು.

ವೈರ್‌ಲೆಸ್ ಮೌಸ್ ಬಳಸುವವರಿಗೆ ಒಂದು ಮಾತು. ಯುಎಸ್‌ಬಿ 3.0 ಸಾಧನಗಳಿಂದ ಹೊರಡುವ ಸದ್ದು 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿ ಮಾಡುತ್ತದೆ ಎಂಬುದನ್ನು ಇಂಟೆಲ್ 2012ರಲ್ಲಿ ವಿವರಿಸಿತ್ತು. ನೀಲಿ ಪೋರ್ಟಿನ ಪಕ್ಕದಲ್ಲೇ ಮೌಸಿನ ಚಿಕ್ಕ ರಿಸೀವರ್ ಇದ್ದರೆ ಮೌಸ್ ತಡವರಿಸಬಹುದು. ರಿಸೀವರನ್ನು ಸ್ವಲ್ಪ ದೂರದ ಕಪ್ಪು ಪೋರ್ಟಿಗೆ ಹಾಕಿದರೆ ಸಾಕು, ಹೊಸ ಮೌಸ್ ಕೊಳ್ಳಬೇಕಾಗಿಲ್ಲ.

ಹಳೆಯ ದಾಖಲೆಗಳ ವಿಷಯದಲ್ಲಿ ಎಚ್ಚರ

ಹಾರ್ಡ್ ಡಿಸ್ಕ್ ಬಗ್ಗೆ ನಾವು ಇಷ್ಟು ಒತ್ತಿ ಹೇಳಲು ಕಾರಣವಿದೆ. ದೀಕ್ಷಾಸ್ನಾನ, ವಿವಾಹ, ಮರಣದ ಹಳೆಯ ದಾಖಲೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹೊರಗಿನ ಡಿಸ್ಕಿನಲ್ಲಿ ಇಡುವುದು ಇಂದು ಸುಲಭ. ಕರಾವಳಿಯ ತೇವ, ಗೆದ್ದಲು ಮತ್ತು ಕಾಲದಿಂದ ಮಾಸುವ ಶಾಯಿಯಿಂದ ಈ ಪುಟಗಳನ್ನು ಉಳಿಸಿಕೊಳ್ಳಲು ಅದು ಒಳ್ಳೆಯ ದಾರಿ. ಕೊಲ್ಲಿ ರಾಷ್ಟ್ರಗಳಲ್ಲೋ ಬೇರೆ ಊರುಗಳಲ್ಲೋ ಇರುವವರಿಗೆ ಪ್ರಮಾಣಪತ್ರ ಬೇಕಾದಾಗ ಹುಡುಕಬೇಕಾದದ್ದು ಇದೇ ದಾಖಲೆಗಳಲ್ಲಿ. ಒಮ್ಮೆ ಸ್ಕ್ಯಾನ್ ಮಾಡಿದ ಬಳಿಕ ಪುಡಿಯಾದ ಪುಟವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಲಾಗದು.

ಕಡತ ಬರೆಯುತ್ತಿರುವಾಗಲೇ ಡಿಸ್ಕಿನ ಸಂಪರ್ಕ ತಪ್ಪಿದರೆ ಆ ಒಂದು ಕಡತ ಮಾತ್ರ ಹಾಳಾಗುವುದಲ್ಲ. ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು. ಆಗ ಕಂಪ್ಯೂಟರ್ ಡಿಸ್ಕನ್ನು ಗುರುತಿಸಲಾರದೆ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುತ್ತದೆ. ಇಲ್ಲಿ ಗಾಬರಿಯಿಂದ ಹೌದು ಎಂದು ಒತ್ತಬೇಡಿ. ಡಿಸ್ಕನ್ನು ತೆಗೆದಿಟ್ಟು ತಿಳಿದವರಿಗೆ ತೋರಿಸಿದರೆ ಮಾಹಿತಿ ಮರಳಿ ಸಿಗುವ ಸಾಧ್ಯತೆ ಇರುತ್ತದೆ. ಫಾರ್ಮ್ಯಾಟ್ ಮಾಡಿ ಅದರ ಮೇಲೆ ಹೊಸದನ್ನು ಬರೆದರೆ ಆ ದಾರಿಯೂ ಮುಚ್ಚುತ್ತದೆ.

ಆದ್ದರಿಂದ ದಾಖಲೆಗಳ ಡಿಸ್ಕನ್ನು ಯಾವಾಗಲೂ ಕಂಪ್ಯೂಟರಿನ ಪೋರ್ಟಿಗೇ ಸಿಕ್ಕಿಸಿ. ತೆಗೆಯುವ ಮೊದಲು ಪರದೆಯ ಕೆಳಗಿನ ಮೂಲೆಯಲ್ಲಿರುವ ಇಜೆಕ್ಟ್ ಸೂಚನೆಯನ್ನು ಬಳಸಿ. ಒಂದೇ ಪ್ರತಿಯನ್ನು ನಂಬಿ ಕೂರಬೇಡಿ. ಎರಡು ಡಿಸ್ಕಿನಲ್ಲಿ ಎರಡು ಪ್ರತಿ ಇಟ್ಟು, ಒಂದನ್ನು ಕಚೇರಿಯಲ್ಲಿಯೂ ಇನ್ನೊಂದನ್ನು ಬೇರೆ ಕಟ್ಟಡದಲ್ಲಿಯೂ ಇರಿಸಿ.

ವಿದ್ಯುತ್ ಕಡಿತ, ಸಿಡಿಲು ಮತ್ತು ತುಕ್ಕು

ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ ಹೋಗುವುದು ಹೊಸದೇನಲ್ಲ. ಕಂಪ್ಯೂಟರಿಗೆ ಯುಪಿಎಸ್ ಇದೆ ಎಂದು ನಿಶ್ಚಿಂತೆಯಿಂದ ಇರುತ್ತೇವೆ. ಆದರೆ ಹಬ್ಬಿನ ಅಡಾಪ್ಟರ್ ಬೇರೆ ಪ್ಲಗ್ಗಿನಲ್ಲಿದ್ದರೆ ವಿದ್ಯುತ್ ಹೋದಾಗ ಕಂಪ್ಯೂಟರ್ ಉರಿಯುತ್ತಲೇ ಇರುತ್ತದೆ, ಹಬ್ಬಿನ ಬಲ ಮಾತ್ರ ತಟ್ಟನೆ ಕುಸಿಯುತ್ತದೆ. ಹಬ್ಬಿನಲ್ಲಿದ್ದ ಪೆನ್ ಡ್ರೈವನ್ನು ಕೈಯಿಂದ ಕಿತ್ತಂತೆಯೇ ಅದು. ಹಾಗಾಗಿ ಹಬ್ಬಿನ ಅಡಾಪ್ಟರನ್ನೂ ಯುಪಿಎಸ್ ಮೂಲಕವೇ ಕೊಡಬೇಕು. ಅದು ಎಳೆಯುವ ವಿದ್ಯುತ್ ಅತ್ಯಲ್ಪ.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಕಂಪ್ಯೂಟರ್ ಆರಿಸಿದರೆ ಸಾಲದು. ಅಡಾಪ್ಟರ್, ಪ್ರಿಂಟರ್ ಮತ್ತು ಇಂಟರ್‌ನೆಟ್ ವಯರುಗಳನ್ನೂ ಪ್ಲಗ್ಗಿನಿಂದ ತೆಗೆದಿಡಿ. ಹಬ್ಬಿನ ಮೂಲಕ ಎಲ್ಲವೂ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ವಯರಿನಲ್ಲಿ ಬಂದ ಆಘಾತ ಉಳಿದವಕ್ಕೂ ತಲುಪಬಹುದು. ಸಮುದ್ರದ ಉಪ್ಪುಗಾಳಿಗೆ ಪೋರ್ಟಿನ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಬಳಸದ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಹಾಕುವುದು, ಹಬ್ಬನ್ನು ಕಿಟಕಿಯ ಪಕ್ಕ ಅಥವಾ ನೆಲದ ಮೇಲೆ ಇಡದಿರುವುದು ಒಳ್ಳೆಯ ಅಭ್ಯಾಸ.

ಟೈಪ್-ಸಿ ಹಬ್ಬುಗಳು

ಹೊಸ ಲ್ಯಾಪ್‌ಟಾಪ್‌ಗಳಿಗಾಗಿ ಬರುವ ಟೈಪ್-ಸಿ ಹಬ್ಬುಗಳಲ್ಲಿ ಯುಎಸ್‌ಬಿ ಪೋರ್ಟುಗಳ ಜೊತೆ ಪ್ರೊಜೆಕ್ಟರಿಗೆ ಬೇಕಾದ ಎಚ್‌ಡಿಎಂಐ, ಇಂಟರ್‌ನೆಟ್ ಕೇಬಲ್ ಮತ್ತು ಮೆಮೊರಿ ಕಾರ್ಡಿನ ಜಾಗವೂ ಇರುತ್ತದೆ. ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟ್ ಚಿತ್ರವನ್ನೂ ಕಳುಹಿಸಬಲ್ಲುದೇ ಎಂದು ವಿಚಾರಿಸಿಕೊಳ್ಳಿ. ಆಕಾರ ಒಂದೇ ಆದರೂ ಎಲ್ಲ ಟೈಪ್-ಸಿ ಪೋರ್ಟುಗಳಿಗೂ ಈ ಶಕ್ತಿ ಇಲ್ಲ. ಲ್ಯಾಪ್‌ಟಾಪಿನ ಚಾರ್ಜರನ್ನು ಹಬ್ಬಿನ ಮೂಲಕ ಕೊಟ್ಟರೆ ಹಬ್ ಅದರಲ್ಲಿ ಸ್ವಲ್ಪ ವಿದ್ಯುತ್ತನ್ನು ತನಗಾಗಿ ತೆಗೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ತೊಂದರೆ ಬಂದಾಗ

ಹಬ್ಬಿಗೆ ಸಿಕ್ಕಿಸಿದ ಸಾಧನ ಕೆಲಸ ಮಾಡದಿದ್ದರೆ ರಿಪೇರಿಗೆ ಒಯ್ಯುವ ಮೊದಲು ಹೀಗೆ ಮಾಡಿ ನೋಡಿ.

1. ಸಾಧನವನ್ನು ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿ. ಅಲ್ಲಿ ಸರಿಯಾಗಿ ನಡೆದರೆ ತೊಂದರೆ ಹಬ್ಬಿನದ್ದು ಅಥವಾ ವಿದ್ಯುತ್ತಿನದ್ದು.
2. ಹಬ್ಬಿನಿಂದ ಉಳಿದ ಸಾಧನಗಳನ್ನೆಲ್ಲ ತೆಗೆದು ಇದೊಂದನ್ನೇ ಹಾಕಿ. ಈಗ ನಡೆದರೆ ವಿದ್ಯುತ್ ಸಾಲುತ್ತಿಲ್ಲ ಎಂದರ್ಥ.
3. ಹಬ್ಬಿನ ಕೇಬಲ್ ಬದಲಿಸಿ. ಯುಎಸ್‌ಬಿ 2.0 ಕೇಬಲ್ 5 ಮೀಟರಿಗಿಂತ ಉದ್ದವಿರಬಾರದು. 3.0 ಕೇಬಲ್ 3 ಮೀಟರಿನ ಒಳಗಿದ್ದರೆ ಕ್ಷೇಮ.
4. ಹೊತ್ತು ಕಳೆದ ಬಳಿಕ ಮಾತ್ರ ಸಾಧನ ಮಾಯವಾಗುತ್ತಿದ್ದರೆ ವಿಂಡೋಸ್‌ನ ಪವರ್ ಆಪ್ಶನ್ಸ್‌ನಲ್ಲಿರುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಲ್ಲಿಸಿ ನೋಡಿ. ವಿದ್ಯುತ್ ಉಳಿಸಲು ಕಂಪ್ಯೂಟರ್ ತಾನೇ ಸಾಧನವನ್ನು ಮಲಗಿಸುವ ವ್ಯವಸ್ಥೆ ಅದು.

ಕೊಳ್ಳುವ ಮುನ್ನ

ಸಾಮಾನ್ಯ ಕಚೇರಿಗೆ ಅಡಾಪ್ಟರ್ ಸಹಿತ ನಾಲ್ಕು ಅಥವಾ ಏಳು ಪೋರ್ಟಿನ 3.0 ಹಬ್ ಒಂದು ಸಾಕು ಎಂಬುದು ನಮ್ಮ ಅಭಿಪ್ರಾಯ. ಕೀಬೋರ್ಡ್, ಮೌಸ್ ಮತ್ತು ಆಗೊಮ್ಮೆ ಈಗೊಮ್ಮೆ ಪೆನ್ ಡ್ರೈವ್ ಮಾತ್ರ ಬಳಸುವವರಿಗೆ ಅಡಾಪ್ಟರ್ ಇಲ್ಲದ ಅಗ್ಗದ ಹಬ್ ಕೂಡ ನಡೆಯುತ್ತದೆ. ಪೋರ್ಟುಗಳ ನಡುವೆ ಅಂತರ ಇದೆಯೇ ನೋಡಿ. ತೀರಾ ಹತ್ತಿರವಿದ್ದರೆ ದಪ್ಪನೆಯ ಪೆನ್ ಡ್ರೈವ್ ಪಕ್ಕದ ಪೋರ್ಟನ್ನೂ ಮುಚ್ಚಿಬಿಡುತ್ತದೆ. ಬಿಲ್ ಮತ್ತು ವಾರಂಟಿ ಚೀಟಿಯನ್ನು ಜೋಪಾನವಾಗಿಡಿ.

ಹಬ್ ತಂದ ದಿನವೇ ಒಂದು ಚಿಕ್ಕ ಕೆಲಸ ಮಾಡಿದರೆ ಉತ್ತಮ. ಯಾವ ಸಾಧನ ಕಂಪ್ಯೂಟರಿಗೆ, ಯಾವುದು ಹಬ್ಬಿಗೆ ಎಂದು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿ. ಕಚೇರಿಯಲ್ಲಿ ಇಂದು ಕುಳಿತವರು ನಾಳೆ ಬದಲಾಗಬಹುದು, ರಜೆಯ ದಿನ ಬೇರೊಬ್ಬ ಸ್ವಯಂಸೇವಕರು ಬಂದು ಕೆಲಸ ಮಾಡಬಹುದು. ದಾಖಲೆಗಳ ಡಿಸ್ಕ್ ಎಲ್ಲಿ ಸಿಕ್ಕಿಸಬೇಕು ಎಂಬುದು ಅವರಿಗೂ ತಿಳಿದಿರಲಿ.